ಅದರ ಪಾಡಿಗೆ ಅದು ಹತ್ತುತ್ತೆ

ಅಲ್ಲ ಅತ್ತಿಗೆ, ಕಾಲು ಆ ಕಡೆ ಇಡಿ, ಇಲ್ಲಿ ಗಾಜಿನ ಚೂರಿದೆ. ಹಾಂ, ಹಾಗೆ. ಬಾಗಿಲು... ಬಿಡಿ, ಬಿಡಿ, ಕುತ್ತಿಗೆಗೆ ಪಟ್ಟಿ ಹಾಕ್ಕೊಂಡು ಅಷ್ಟು ವಾಲಬೇಡಿ, ನಾನೇ ಎಳ್ಕೋತೀನಿ. ಆಯ್ತು. ಅಬ್ಬ, ಏನು ಮಳೆ ಇದು! ನಿನ್ನೆಯಿಂದ ಒಂದೇ ಸಮ. ಹಿಂದಿನ ಗಾಜೇ ಇಲ್ಲ ನೋಡಿ, ಹೊರಗೂ ಮಳೆ ಒಳಗೂ ಮಳೆ. ಅಯ್ಯೋ, ಹಿಂದೆ ನೋಡ್ಬೇಡಿ. ನೋಡ್ಬೇಡಿ ಅಂದೆ ಅಲ್ವಾ! ಮುಂದೆ ನೋಡಿ. ಮುಂದೆ ಒಂದು ಗೀರೂ ಬಿದ್ದಿಲ್ಲ, ನಾನು ಕೀ ಕೊಟ್ಟ ದಿನ ಹೇಗಿತ್ತೋ ಹಾಗೇ ಇದೆ. ಮುಂದೆ ನಿಂತು ನೋಡಿದ್ರೆ ಈ ಕಾರಿಗೆ ಲಾರಿ ಗುದ್ದಿದೆ ಅಂತ ಯಾರಾದ್ರೂ ಹೇಳ್ತಾರಾ?

ಅಣ್ಣನ ಸೀಟಲ್ಲಿ ನಾನು ಕೂತ್ಕೋತೀನಿ. ಇದು... ಒರಗೋ ಹಾಗಿಲ್ಲ ಇದು, ಮುರ್ಕೊಂಡು ಹಿಂದಕ್ಕೆ ಬಿದ್ದುಬಿಟ್ಟಿದೆ. ಪರವಾಗಿಲ್ಲ. ಸ್ಟೀರಿಂಗ್ ಹಿಡ್ಕೊಂಡು ಮುಂದಕ್ಕೆ ಬಗ್ಗಿ ಕೂತ್ಕೋತೀನಿ, ಬಸ್ ಡ್ರೈವರ್ ಥರ. ನಕ್ಕ್ರಾ? ಇಲ್ಲ... ನೋವಿಗೆ ಮುಖ ಹಾಗಾಯ್ತಾ. ಸಾರಿ ಅತ್ತಿಗೆ. ನನಗೆ ಬಾಯಿ ನಿಲ್ತಾ ಇಲ್ಲ. ನಿಮಗೆ ಬಾಯಿ ತೆರೀತಾ ಇಲ್ಲ, ನನಗೆ ಮುಚ್ತಾ ಇಲ್ಲ. ಏನು ಮಾಡ್ಲಿ.

ಕೇಳಿ, ಈಗ ಗಮನ ಕೊಟ್ಟು ಕೇಳಿ. ಇನ್ಸ್‌ಪೆಕ್ಟರ್ ಸಾಹೇಬ್ರು ಸ್ಟೇಷನ್ ಒಳಗೆ ಫೋನಲ್ಲಿದ್ದಾರೆ. ಫೋನ್ ಮುಗಿಸಿ, ಛತ್ರಿ ಹಿಡ್ಕೊಂಡು, ಸೀದಾ ಇಲ್ಲಿಗೇ ಬರ್ತಾರಂತೆ. ನಿಮ್ಮ ಎದುರಿಗೇ ಗಾಡಿ ನೋಡ್ಬೇಕಂತೆ, ಯಾಕಂದ್ರೆ ಒಳಗೆ ಇದ್ದೋರು ನೀವಿಬ್ರೇ, ಅಣ್ಣನಿಗೆ ಇನ್ನೂ ಎಚ್ಚರ ಇಲ್ಲ. ನಿಮ್ಮನ್ನ ಕೇಳೋದು ಒಂದೇ ಒಂದು. ನಿನ್ನೆ ಮಳೇಲಿ ಲೈಟ್ ಹಾಕಿದ್ರಾ ಅಂತ. ಅಷ್ಟೇ. ಹೂಂ ಅಂದ್ಬಿಡಿ. ಡಾಕ್ಟರ್ ಹೇಳಿದ್ರಲ್ಲ, ಗಂಟಲಿಗೆ ಏನೂ ಆಗಿಲ್ಲ, ಗಾಬರಿಗೆ ಮಾತು ನಿಂತಿದೆ, ಬರುತ್ತೆ ಅಂತ. ಬರದಿದ್ರೂ ಬೇಡ. ತಲೆ ಆಡಿಸಿ ಸಾಕು. ಅಯ್ಯೋ, ಪಟ್ಟಿ ಇದೆಯಲ್ಲ... ಸರಿ, ಕಣ್ಣು ಮುಚ್ಚಿ ತೆಗೀರಿ. ಅವರು ಬರ್ಕೋತಾರೆ. ಆಮೇಲೆ ನಾವು ಆಸ್ಪತ್ರೆಗೆ ಹೋಗೋಣ, ಅಣ್ಣನ ಹತ್ರ. ಆಯ್ತಾ?

ಆಯ್ತಾ ಅತ್ತಿಗೆ?

ಯಾಕೆ ಆ ಸ್ಟೇಷನ್ ಕಿಟಕಿ ಕಡೆನೇ ನೋಡ್ತೀರಿ? ಅವನೇನಾ ಅಂತಾನಾ? ಹೌದು, ಅವನೇ. ಬೆಂಚ್ ಮೇಲೆ, ನೀಲಿ ಶರ್ಟು. ಲಾರಿಯವನು. ಹೇಗೆ ಕೂತಿದ್ದಾನೆ ನೋಡಿ, ಏನೂ ಗೊತ್ತಿಲ್ಲದವರ ಹಾಗೆ! ನಿನ್ನೆಯಿಂದ ಒಂದೇ ರಾಗ. ‘ಲೈಟ್ ಇರ್ಲಿಲ್ಲ ಸಾರ್, ನನಗೆ ಬರೀ ನೀರು ಕಾಣ್ತಿತ್ತು ಸಾರ್, ಕಾರೇ ಕಾಣ್ಲಿಲ್ಲ ಸಾರ್.’ ಕಾಣ್ಲಿಲ್ಲವಂತೆ! ಇಷ್ಟು ದೊಡ್ಡ ಕಾರು ಕಾಣದೇ ಇರೋಕೆ ಇದೇನು ಸಾಸಿವೆ ಕಾಳಾ? ಸುಳ್ಳ. ಹುಟ್ಟಾ ಸುಳ್ಳ. ತಪ್ಪಿಸ್ಕೊಳ್ಳೋಕೆ ಏನು ಬೇಕಾದ್ರೂ ಹೇಳ್ತಾರೆ ಇಂಥೋರು.

ಗೊತ್ತು, ಗೊತ್ತು. ನಿಮ್ಮನ್ನ ಹೊರಗೆ ಎಳೆದಿದ್ದು ಅವನೇ. ಮಳೆ ಬೀಳದ ಹಾಗೆ ಲಾರಿಯ ಟಾರ್ಪಾಲು ಬಿಚ್ಚಿ ಹೊದಿಸಿದ್ನಂತೆ. ಆಂಬುಲೆನ್ಸ್ ಬರೋ ತನಕ ಅಣ್ಣನ ತಲೆ ತೊಡೆ ಮೇಲೆ ಇಟ್ಕೊಂಡಿದ್ನಂತೆ. ಕಾನ್‌ಸ್ಟೇಬಲ್ ಹೇಳ್ದ ನನಗೆ. ಹೊದಿಸ್ದೇ ಇನ್ನೇನು ಮಾಡ್ತಾನೆ? ಗುದ್ದಿದ್ದು ಅವನೇ ತಾನೇ? ಅತ್ತನಂತೆ. ಅಳ್ಲಿ. ನಾನೂ ಅತ್ತಿದ್ದೀನಿ. ಅತ್ತೋರೆಲ್ಲ ನಿಜ ಹೇಳ್ತಾರಾ?

ಹಾಗೆ ನೋಡ್ಬೇಡಿ ನನ್ನ.

ನಾನು ಯಾಕೆ ಇಷ್ಟು ಒದ್ದಾಡ್ತಿದ್ದೀನಿ ಗೊತ್ತಾ? ಅಣ್ಣನಿಗೋಸ್ಕರ. ಲೈಟ್ ಇರ್ಲಿಲ್ಲ ಅಂತ ಆಗಿಬಿಟ್ರೆ ತಪ್ಪು ಯಾರದಾಗುತ್ತೆ? ಅಣ್ಣಂದು. ಎಚ್ಚರ ಆಗುತ್ತೆ ಅವನಿಗೆ, ಆಗೇ ಆಗುತ್ತೆ, ಡಾಕ್ಟರು ಬಾಯಿಬಿಟ್ಟು ಹೇಳ್ದೇ ಇದ್ರೂ ಆಗುತ್ತೆ... ಆಗ ಏನಂತ ಹೇಳೋದು ಅವನಿಗೆ? ಅಣ್ಣ, ಕಣ್ಣು ಬಿಟ್ಯಾ, ಬಾ, ತಪ್ಪೆಲ್ಲ ನಿಂದೇ ಅಂತಾನಾ? ಬೇಕರೀಲಿ ಹಿಟ್ಟು ನಾದ್ಕೊಂಡು ಜೀವನ ಪೂರ್ತಿ ಯಾರಿಗೂ ಒಂದು ಚೂರು ತೊಂದರೆ ಕೊಡದ ಮನುಷ್ಯ. ಒಂದು ಬನ್ನು ಸೀದು ಹೋದ್ರೆ ಮೂರು ಸಲ ಸಾರಿ ಕೇಳೋನು. ಅವನು ತಡ್ಕೋತಾನಾ ಇದನ್ನ? ನೀವೇ ಹೇಳಿ. ಹೇಳಿ ಅತ್ತಿಗೆ! ಬೇಕರಿ ಕೌಂಟರಲ್ಲಿ ನಿಂತು ಇಡೀ ಬೀದಿಗೆ ಬುದ್ಧಿ ಹೇಳೋರು ನೀವು, ನನಗೊಂದು ಮಾತು ಹೇಳೋಕಾಗಲ್ವಾ? ಬೈದಾದ್ರೂ ಬಿಡಿ!

ಸರಿ. ಸರಿ. ಕಿರುಚಲ್ಲ.

ಅಣ್ಣ ಲೈಟ್ ಹಾಕ್ದೇ ಇರ್ತಾನಾ? ಬೇರೆ ಯಾರ ಬಗ್ಗೆ ಬೇಕಾದ್ರೂ ಅನುಮಾನ ಪಡಲಿ, ಅಣ್ಣನ ಬಗ್ಗೆ? ಆ ಹಳೇ ಡಬ್ಬಾ ವ್ಯಾನ್ ನೆನಪಿದೆಯಾ ನಿಮಗೆ, ಅಂಗಡಿಗಳಿಗೆ ಬ್ರೆಡ್ ಹಾಕೋಕೆ ಹೋಗ್ತಿದ್ದಿದ್ದು? ಅದರ ಲೈಟಿನ ಸ್ವಿಚ್ ಕಿತ್ತು ಹೋಗಿ, ಮನೆ ಗೋಡೆಗೆ ಹಾಕೋ ಟಕ್ ಟಕ್ ಸ್ವಿಚ್ ತಂದು ಸ್ಕ್ರೂ ಹೊಡೆದಿದ್ದ. ಮೋಡ ಕಂಡ್ರೆ ಸಾಕು, ಟಕ್! ನೀರಿನ ಟ್ಯಾಂಕರ್ ಪಕ್ಕ ಹೋಗಿ ಗಾಜಿಗೆ ಎರಡು ಹನಿ ಸಿಡಿದ್ರೂ, ಟಕ್! ನಾನು ಎಷ್ಟು ರೇಗಿಸ್ತಿದ್ದೆ. ‘ಏನಣ್ಣ, ಮಟಮಟ ಮಧ್ಯಾಹ್ನ ಲೈಟ್ ಹಾಕ್ಕೊಂಡು ಏನು ಹುಡುಕ್ತಿದ್ದೀಯ, ಬನ್ ಬಿದ್ದು ಹೋಯ್ತಾ?’ ಅವನು ನಗೋನು. ‘ನನಗೆ ರೋಡ್ ಕಾಣ್ಲಿ ಅಂತ ಅಲ್ವೋ ಬಟನ್, ಬೇರೆಯವರಿಗೆ ನಾನು ಕಾಣ್ಲಿ ಅಂತ’ ಅನ್ನೋನು. ಬಟನ್. ಅವನೇ ಇಟ್ಟ ಹೆಸರು ಅದು ನನಗೆ. ಕಾರ್ ಶೋರೂಮಲ್ಲಿ ಎಲ್ಲರಿಗೂ ಬಟನ್ ತೋರಿಸೋನು ಅಂತ. ಈಗ ಇಡೀ ಶೋರೂಮೇ ಹಾಗೆ ಕರೆಯುತ್ತೆ.

ಅಂಥವನು ಲೈಟ್ ಹಾಕಿರಲ್ವಾ? ಹಾಕಿರ್ತಾನೆ. ಹಾಕಿದ್ದ. ಇಲ್ಲೇ ಇದೆ ಸಾಕ್ಷಿ. ನೋಡಿ ಈ ಕಡೆ. ಸ್ಟೀರಿಂಗ್ ಪಕ್ಕ, ಈ ದುಂಡು ಸ್ವಿಚ್ ಇದೆಯಲ್ಲ, ಗೆರೆ ಎಲ್ಲಿದೆ? ಆನ್ ಮೇಲೆ. ಆಟೋ ಮೇಲಲ್ಲ, ಆಫ್ ಮೇಲಲ್ಲ. ಆನ್. ತಾನೇ ತಿರುಗಿಸೋಕೆ ಅದಕ್ಕೇನು ಕೈ ಇದೆಯಾ? ಸಾಹೇಬ್ರು ಬಂದು ನೋಡ್ತಾರೆ, ಫೋಟೋ ಹೊಡ್ಕೋತಾರೆ, ನೀವು ಕಣ್ಣು ಮುಚ್ಚಿ ತೆಗೀತೀರಿ, ಮುಗೀತು. ಲಾರಿಯವನ ಬಾಯಿ ಬಂದ್.

ತಡೀರಿ, ಹಚ್ಚಿ ತೋರಿಸ್ತೀನಿ. ಕೀ ಎಲ್ಲಿ... ಹಾಂ. ಎದುರಿಗೆ ಗೋಡೆ ನೋಡಿ. ನೋಡಿದ್ರಾ ಬೆಳಕು? ಎರಡೂ ಬಂತು! ಗೋಡೆ ಮೇಲೆ ನೀರು ಇಳಿಯೋದು ಕೂಡ ಕಾಣ್ತಿದೆ. ಎಂಥ ಲೈಟ್ ಇದು! ಇದು ಕಾಣ್ಲಿಲ್ಲ ಅಂದ್ರೆ ಕಣ್ಣಿನ ಡಾಕ್ಟರ್ ಹತ್ರ ಹೋಗ್ಬೇಕು ಅವನು.

ಏನು? ಹಿಂದೆ ಯಾಕೆ ತೋರಿಸ್ತೀರಿ? ಹಿಂದೆ ದೀಪ ಎಲ್ಲಿ ಉಳಿದಿದೆ ಅತ್ತಿಗೆ, ಪುಡಿಪುಡಿ ಆಗಿಹೋಗಿದೆ. ಹೌದು, ಅವನು ಬಂದಿದ್ದು ಹಿಂದಿನಿಂದ. ಗೊತ್ತು ನನಗೆ. ಹಿಂದಿನ ಕೆಂಪು ದೀಪವೂ ಈ ಸ್ವಿಚ್‌ಗೇ ಹತ್ತೋದು. ಇದು ಆನ್‌ನಲ್ಲಿದ್ರೆ ಹಿಂದೆನೂ ಹತ್ತಿರುತ್ತೆ. ಆನ್‌ನಲ್ಲಿದ್ರೆ. ಆಟೋದಲ್ಲಿದ್ರೆ ಬೇರೆ ಮಾತು, ಆಟೋದಲ್ಲಿದ್ರೆ ಅದು ಕತ್ತಲು ನೋಡಿ ಹತ್ತುತ್ತೆ, ಮಳೆ ನೋಡಲ್ಲ. ಹಗಲು ಹೊತ್ತು ಎಷ್ಟೇ ಮಳೆ ಸುರಿದ್ರೂ ಆಕಾಶ ಬೆಳ್ಳಗಿದ್ರೆ ಅದಕ್ಕೆ ಹಗಲೇ. ಮುಂದೆ ಸಣ್ಣ ದೀಪ ಉರೀತಿರುತ್ತೆ, ಇಲ್ಲಿ ಮೀಟರಲ್ಲೂ ಬೆಳಕಿರುತ್ತೆ, ಓಡಿಸೋನಿಗೆ ಎಲ್ಲಾ ಹತ್ತಿದೆ ಅಂತ್ಲೇ ಅನ್ಸುತ್ತೆ. ಹಿಂದೆ ಮಾತ್ರ ಏನೂ ಇರಲ್ಲ. ಒಂದು ಚುಕ್ಕಿ ಕೂಡ ಇರಲ್ಲ... ಆದ್ರೆ ಇದು ಆಟೋದಲ್ಲಿ ಇರ್ಲಿಲ್ವಲ್ಲ! ಆನ್‌ನಲ್ಲಿದೆ! ನಾನು ಸುಮ್ನೆ ಹೇಳ್ದೆ.

ಯಾಕೆ? ನನಗೆ ಹೇಗೆ ಗೊತ್ತು ಅಂತಾನಾ? ಅದೇ ನನ್ನ ಕೆಲಸ ಅಲ್ವಾ. ಬಟನ್ ಅಲ್ವಾ ನಾನು.

ಕಾಣದೇ ಇರೋಕೆ ಬಣ್ಣನೂ ಒಂದು ಕಾರಣ. ಬೂದು ಬಣ್ಣ. ಬಿಳಿ ತಗೊಳ್ಳಿ ಅಂತ ನಾನು ಹೇಳಿದ್ದೆ, ಮೈದಾ ಬಿದ್ರೂ ಕಾಣಲ್ಲ ಅಂತ. ನೀವೇ ಬೂದು ಚೆನ್ನಾಗಿದೆ ಅಂದಿದ್ದು. ಮಳೇಲಿ ಬೂದು ಬಣ್ಣ ನೀರಿನ ಜೊತೆ ನೀರಾಗಿ... ಛೆ! ಏನು ಮಾತಾಡ್ತಿದ್ದೀನಿ ನಾನು. ಅದನ್ನ ಹೇಳೋಕೆ ಬಂದಿದ್ದಲ್ಲ ನಾನು. ಅಳ್ಬೇಡಿ. ಅತ್ತಿಗೆ, ಅಳ್ಬೇಡಿ, ನಿಮ್ಮದೇನೂ ತಪ್ಪಿಲ್ಲ, ಬಣ್ಣಕ್ಕೆಲ್ಲ ಯಾರಾದ್ರೂ... ನನ್ನ ನಾಲಿಗೆಗೆ ಬೆಂಕಿ ಹಾಕ.

ಈ ಕಾರು ತಗೊಳ್ಳೋಕೆ ಇಷ್ಟ ಇರ್ಲಿಲ್ಲ ಅಣ್ಣನಿಗೆ. ನಿಮಗೂ ಗೊತ್ತು. ‘ನನ್ನ ಡಬ್ಬಾ ನನಗೆ ಸಾಕು ಕಣೋ’ ಅಂತಿದ್ದ. ನಾನೇ ಬೆನ್ನು ಬಿದ್ದೆ. ದಿನಾ ಕಂಡೋರಿಗೆಲ್ಲ ಕೀ ಕೊಡ್ತೀನಿ, ಕಂಡೋರ ಹೆಂಡತಿ ಮಕ್ಕಳ ಫೋಟೋ ತೆಗೀತೀನಿ, ಸ್ವಂತ ಅಣ್ಣ ಮಾತ್ರ ಸೋರೋ ವ್ಯಾನಲ್ಲಿ ಗೋಣಿಚೀಲ ತಲೆ ಮೇಲೆ ಹೊದ್ಕೊಂಡು ಓಡಾಡೋದಾ? ನಾಚಿಕೆ ಆಗ್ತಿತ್ತು ಅತ್ತಿಗೆ ನನಗೆ. ಅವನು ಓಡಾಡ್ತಿದ್ದಿದ್ದಕ್ಕಲ್ಲ, ನೋಡ್ಕೊಂಡು ಸುಮ್ನಿರ್ತಿದ್ದೆನಲ್ಲ, ಅದಕ್ಕೆ. ಕೀ ಕೊಟ್ಟ ದಿನ ಎಷ್ಟು ಖುಷಿ ನನಗೆ! ಆನೆ ಕಿವಿ ಅಷ್ಟು ದೊಡ್ಡ ರಟ್ಟಿನ ಕೀ ಹಿಡ್ಕೊಂಡು ನೀವಿಬ್ರೂ ನಿಂತಿದ್ರಿ. ಅಣ್ಣ ತಾನೇ ಮಾಡಿದ ಕೇಕನ್ನ ತಾನೇ ಕತ್ತರಿಸೋಕೆ ಸಂಕೋಚ ಪಟ್ಕೊಂಡಿದ್ದ. ಆಮೇಲೆ ನಾನು ಎಲ್ಲಾ ಹೇಳಿಕೊಟ್ಟೆ. ವೈಪರ್, ಏಸಿ, ಗಾಜು, ಎಲ್ಲಾ... ಲೈಟೂ ಹೇಳಿಕೊಟ್ಟೆ.

ಏನು ಹೇಳಿಕೊಟ್ಟೆ ಅಂದ್ರೆ? ಎಲ್ಲರಿಗೂ ಹೇಳೋದೇ. ಏನು ಅಂತ ಈಗ ಯಾಕೆ ಬೇಕು? ಬೇಡ ಬಿಡಿ.

ಸಾಹೇಬ್ರ ಫೋನ್ ಇನ್ನೂ ಮುಗ್ದಿಲ್ಲ. ಒಳ್ಳೇದೇ ಆಯ್ತು. ಒಂದು ಸಲ ಅಭ್ಯಾಸ ಮಾಡ್ಕೊಳ್ಳೋಣ. ತಮಾಷೆ ಅಲ್ಲ, ನಿಜವಾಗ್ಲೂ. ಅವರು ಅಡ್ಡ ಪ್ರಶ್ನೆ ಹಾಕಿದ್ರೆ? ಯಾವಾಗ ಹಾಕಿದ್ರು, ಹೇಗೆ ಹಾಕಿದ್ರು ಅಂದ್ರೆ? ಆಗ ನಾನು ಹೇಳ್ತೀನಿ, ನೀವು ಹೂಂಗುಟ್ಟಿ. ಹೀಗೆ. ನೀವಿಬ್ರೂ ದೊಡ್ಡ ಕೇಕ್ ಹಿಂದಿನ ಸೀಟಲ್ಲಿಟ್ಟು ಹೊರಟ್ರಿ. ಊರು ದಾಟಿ ದೊಡ್ಡ ರಸ್ತೆಗೆ ಬಂದ್ರಿ. ಮಳೆ ಶುರುವಾಯ್ತು. ಜೋರಾಯ್ತು. ವೈಪರ್ ಓಡ್ತಿತ್ತು. ಅಣ್ಣ ನಿಧಾನ ಮಾಡ್ದ. ಆಮೇಲೆ ಹೀಗೆ ಕೈ ಚಾಚಿ, ಸ್ವಿಚ್ ಹತ್ರ, ಹೀಗೆ...

ಏನಾಯ್ತು? ಬಿಡಿ ಅತ್ತಿಗೆ. ಕೈ ಬಿಡಿ, ಸುಮ್ನೆ ತೋರಿಸ್ತಿದ್ದೆ ಅಷ್ಟೇ, ತಿರುಗಿಸಲ್ಲ ನಾನು. ಅಬ್ಬ, ಏನು ಬಿಗಿ ಹಿಡೀತೀರಿ! ಉಗುರು ಚುಚ್ತಿದೆ. ಹಿಟ್ಟು ನಾದಿ ನಾದಿ ಕೈ ಕಬ್ಬಿಣ ಆಗಿದೆ ನಿಮ್ಮದು, ಹಹ್ಹ... ಬಿಡಿ. ಮುಟ್ಟಲ್ಲ ಅಂದೆನಲ್ಲ. ಬಿಡಿ ಅತ್ತಿಗೆ.

ಯಾಕೆ ಬಿಡ್ತಿಲ್ಲ?

ಯಾಕೆ ಸ್ವಿಚ್ ನೋಡ್ತೀರಿ, ನನ್ನ ನೋಡ್ತೀರಿ, ಸ್ವಿಚ್ ನೋಡ್ತೀರಿ? ಆನ್‌ನಲ್ಲೇ ಇದೆ ಅದು. ನಿನ್ನೆಯಿಂದ... ನಿನ್ನೆಯಿಂದ ಹಾಗೇ ಇದೆ. ಯಾರೂ ಮುಟ್ಟಿಲ್ಲ. ನಾನಾ? ನಾನು ಯಾಕೆ ಮುಟ್ಲಿ? ನಿನ್ನೆ ಸಂಜೆ ನಿಮ್ಮ ಬ್ಯಾಗು, ಚಪ್ಪಲಿ ತಗೊಂಡು ಹೋಗೋಕೆ ಬಂದಿದ್ದೆ. ಕಾನ್‌ಸ್ಟೇಬಲ್ ಅಲ್ಲೇ ನಿಂತಿದ್ದ, ಬೇಕಾದ್ರೆ ಕೇಳಿ. ಬ್ಯಾಗು ತಗೊಂಡೆ, ಚಪ್ಪಲಿ ತಗೊಂಡೆ, ಹೋದೆ. ಅಷ್ಟೇ. ಚಪ್ಪಲಿ ಒಂದೇ ಸಿಕ್ತು... ಇನ್ನೊಂದು ಸೀಟಿನ ಕೆಳಗಿತ್ತು, ಬಗ್ಗಿದೆ, ಬಗ್ಗಿದಾಗ...

ಅತ್ತಿಗೆ, ಈ ಕೈ. ಹೀಗೆ ಯಾಕೆ ಹಿಡಿದ್ರಿ ನೀವು ನನ್ನ ಕೈ?

ಹೀಗೇ ಹಿಡಿದ್ರಾ?

ಅಣ್ಣನ ಕೈ. ನಿನ್ನೆ. ಅಣ್ಣ ಚಾಚಿದ್ನಾ? ಮಳೆ ಬಂದ ತಕ್ಷಣ ಅಣ್ಣ ಲೈಟ್ ಹಾಕೋಕೆ ಕೈ ಚಾಚಿದ್ನಾ? ನೀವು ಹಿಡಿದ್ರಾ?

ಅಯ್ಯೋ.

ಅಯ್ಯೋ ಅತ್ತಿಗೆ. ಇದನ್ನ ಹೊಟ್ಟೇಲಿ ಇಟ್ಕೊಂಡು ಕೂತಿದ್ದೀರಾ ನಿನ್ನೆಯಿಂದ? ಇದಕ್ಕಾ ಮಾತು ನಿಂತಿದ್ದು?

ಬೇಡ. ನಿಮ್ಮ ಕಡೆ ಬೆರಳು ತೋರಿಸ್ಕೋಬೇಡಿ. ನೀವಲ್ಲ. ನೀವು ಯಾಕೆ ಹಿಡಿದ್ರಿ ಅಂತ ನನಗೆ ಗೊತ್ತು. ನನಗೊಬ್ಬನಿಗೇ ಗೊತ್ತು. ಕೀ ಕೊಟ್ಟ ದಿನ ಇದೇ ಸೀಟಲ್ಲಿ ಅಣ್ಣ ಕೂತಿದ್ದ, ನಾನು ಇಲ್ಲಿ ಬಾಗಿಲ ಹತ್ರ ಬಗ್ಗಿ ನಿಂತಿದ್ದೆ, ನೀವು ಅಲ್ಲೇ ಇದ್ರಿ. ಅಣ್ಣ ಮೊದ್ಲು ಕೇಳಿದ್ದೇ ಅದು. ‘ಲೈಟ್ ಸ್ವಿಚ್ ಎಲ್ಲೋ ಬಟನ್?’ ನಾನು ಅವನ ಕೈ ಮೇಲೆ ಒಂದು ಏಟು ಹಾಕಿದೆ. ತಮಾಷೆಗೆ. ‘ಮುಟ್ಟಬೇಡ! ಇದು ನಿನ್ನ ಡಬ್ಬಾ ಅಲ್ಲ. ಆಟೋ ಮೇಲಿಟ್ಟು ಮರೆತುಬಿಡು. ಅದರ ಪಾಡಿಗೆ ಅದು ಹತ್ತುತ್ತೆ, ಅದರ ಪಾಡಿಗೆ ಅದು ಆರುತ್ತೆ. ಕಾರು ನಿನಗಿಂತ ಜಾಣ.’ ನೀವಿಬ್ರೂ ಎಷ್ಟು ನಕ್ಕ್ರಿ. ಆಮೇಲೆ ನಿಮ್ಮ ಕಡೆ ತಿರುಗಿ ಹೇಳ್ದೆ. ‘ಅತ್ತಿಗೆ, ಇವನ ಕೈ ಸುಮ್ನಿರಲ್ಲ. ಅಭ್ಯಾಸ ಬಿಡಿಸೋ ಜವಾಬ್ದಾರಿ ನಿಮ್ಮದು. ಮುಟ್ಟೋಕೆ ಹೋದ್ರೆ ಕೈ ಹಿಡ್ಕೊಳ್ಳಿ.’

ಕೈ ಹಿಡ್ಕೊಳ್ಳಿ ಅಂದೆ ನಾನು.

ಪಾಪ, ಅಣ್ಣ ಮೊದಮೊದಲು ಆ ಕೈಯನ್ನ ತೊಡೆ ಕೆಳಗೆ ಅದುಮಿಟ್ಕೊಂಡು ಓಡಿಸ್ತಿದ್ನಂತೆ. ನೀವೇ ಹೇಳಿ ನಕ್ಕಿದ್ರಿ ಬೇಕರೀಲಿ. ನಾನೂ ನಕ್ಕೆ. ಶೋರೂಮಿಗೆ ಹೋಗಿ ಎಲ್ಲರಿಗೂ ಹೇಳಿ ನಗಿಸ್ದೆ. ಇಷ್ಟು ವರ್ಷ ಮೋಡ ಕಂಡ್ರೆ ಲೈಟ್ ಹಾಕ್ತಿದ್ದ ಮನುಷ್ಯ. ಸರಿಯಾಗಿದ್ದ ಅವನು! ಅವನೊಬ್ಬನೇ ಸರಿಯಾಗಿದ್ದ. ಅವನ ಕೈ ನಾನು ಕಟ್ಟಿಹಾಕಿದೆ.

ನನಗೆ ಗೊತ್ತಿರ್ಲಿಲ್ಲ ಅತ್ತಿಗೆ. ದೇವರಾಣೆಗೂ ಗೊತ್ತಿರ್ಲಿಲ್ಲ. ನಮಗೆ ಹೇಳಿಕೊಟ್ಟಿದ್ದನ್ನ ನಾವು ಹೇಳೋದು. ‘ಸಾರ್, ಇನ್ಮೇಲೆ ನೀವು ಏನೂ ಮುಟ್ಟಬೇಕಾಗಿಲ್ಲ.’ ಆ ಮಾತು ಹೇಳಿದ ತಕ್ಷಣ ಎಲ್ಲರ ಮುಖ ಅರಳುತ್ತೆ, ಅದಕ್ಕೇ ನನಗೂ ಇಷ್ಟ ಆ ಮಾತು. ಮಳೇಲಿ ಕಾರಿನ ಹಿಂದೆ ನಿಂತು ನೋಡಿದ್ದೀನಾ ನಾನು ಯಾವತ್ತಾದ್ರೂ? ಶೋರೂಮಿನ ಗಾಜಿನ ಕೋಣೇಲಿ ಇರೋನು. ನಿನ್ನೆ ಸಂಜೆ ಆಸ್ಪತ್ರೆಯಿಂದ ಇಲ್ಲಿಗೆ ಬೈಕಲ್ಲಿ ಬರ್ತಿದ್ದೆ. ಇದೇ ಥರ ಸುರೀತಿತ್ತು, ಇನ್ನೂ ಬೆಳಕಿತ್ತು. ರಸ್ತೆ ಖಾಲಿ ಅಂದ್ಕೊಂಡು ಮುಂದಕ್ಕೆ ಹೋಗ್ತಾನೇ ಇದ್ದೀನಿ, ಇದ್ದಕ್ಕಿದ್ದ ಹಾಗೆ ಮೂಗಿನ ಮುಂದೆ ಒಂದು ಕಾರು! ಎಲ್ಲಿಂದ ಬಂತೋ! ಬ್ರೇಕ್ ಹಾಕಿ ಜಾರಿ, ಕಾಲು ಊರಿ, ಹೇಗೋ ನಿಂತೆ. ಮುಂದಕ್ಕೆ ಹೋಗಿ ಪಕ್ಕದಲ್ಲಿ ನೋಡ್ತೀನಿ, ಮುಂದೆ ಸಣ್ಣ ದೀಪ ಉರೀತಿದೆ. ಹಿಂದೆ ಏನೂ ಇಲ್ಲ. ಇದೇ ಕಾರು ಅತ್ತಿಗೆ, ಇದೇ ಮಾಡೆಲ್ಲು. ಒಳಗಿದ್ದ ಹೆಂಗಸು ನನ್ನ ಗುರುತು ಹಿಡಿದು ಕೈ ಬೀಸಿದ್ರು. ನಾನೇ ಕೀ ಕೊಟ್ಟಿದ್ದೆ ಅವರಿಗೆ. ಹಿಂದಿನ ಸೀಟಲ್ಲಿ ಎರಡು ಮಕ್ಕಳು. ನಾನು ಕಿರುಚಿದೆ, ಲೈಟ್ ಹಾಕಿ, ಲೈಟ್ ಹಾಕಿ ಅಂತ. ಅವರು ನಗ್ತಾ, ಕೈಯಲ್ಲಿ ಸನ್ನೆ ಮಾಡಿದ್ರು... ಅದೇ ಹತ್ತುತ್ತೆ ಅಂತ.

ಆಗ ಗೊತ್ತಾಯ್ತು. ಆಗಲೇ. ಲಾರಿಯವನು ಏನು ನೋಡಿರ್ತಾನೆ, ಏನು ನೋಡಿರಲ್ಲ ಅಂತ.

ಹೌದು, ಆಮೇಲೆ ಇಲ್ಲಿಗೆ ಬಂದೆ. ಚಪ್ಪಲಿಗೆ ಬಗ್ಗಿದೆ. ಸ್ವಿಚ್ ಆಟೋ ಮೇಲಿತ್ತು. ತಿರುಗಿಸ್ದೆ. ಬೇಕಂತ್ಲೇ ತಿರುಗಿಸ್ದೆ. ಅಣ್ಣನಿಗೋಸ್ಕರ ಅಂತ ನನಗೆ ನಾನೇ ಹೇಳ್ಕೊಂಡೆ. ರಾತ್ರಿಯೆಲ್ಲಾ ಅದನ್ನೇ ಹೇಳ್ಕೊಂಡೆ. ಅಣ್ಣನಿಗೋಸ್ಕರ, ಅಣ್ಣನಿಗೋಸ್ಕರ... ಸುಳ್ಳು ಅತ್ತಿಗೆ. ಅಣ್ಣ ಎದ್ದು ನನ್ನ ಮುಖ ನೋಡಿ ‘ಏನೋ ಬಟನ್, ಹತ್ತುತ್ತೆ ಅಂದಿದ್ಯಲ್ಲೋ’ ಅಂದ್ರೆ? ಅದಕ್ಕೆ ಹೆದರಿ ತಿರುಗಿಸಿದ್ದು. ಅವನು ಬೈಯಲ್ಲ, ಬರೀ ಕೇಳ್ತಾನೆ. ಆ ಕೇಳೋದಿದೆಯಲ್ಲ, ಅದನ್ನ ನಾನು ತಡ್ಕೊಳ್ಳಲ್ಲ. ಏಳಲೇ ಇಲ್ಲ ಅಂದ್ರೆ? ಅದನ್ನಂತೂ...

ಆ ಮನುಷ್ಯ ಜೈಲಿಗೆ ಹೋಗ್ತಿದ್ದ. ನನ್ನ ಅಣ್ಣನ ತಲೆ ತೊಡೆ ಮೇಲಿಟ್ಕೊಂಡವನು. ಕಳಿಸ್ತಿದ್ದೆ ನಾನು.

ನೀವು ಮಾತಾಡ್ದೇ ಇದ್ದಿದ್ದು ಒಳ್ಳೇದಾಯ್ತು ಅಂದ್ಕೊಂಡಿದ್ದೆ ಕಣ್ರೀ ಅತ್ತಿಗೆ. ಮಾತಾಡ್ದೇ ಇದ್ರೆ ನಾನು ಹೇಳಿದ್ದೇ ನಡೆಯುತ್ತೆ ಅಂತ.

ಫೋನ್ ಇಟ್ರು. ನೋಡಿ, ಎದ್ರು. ಛತ್ರಿ ಬಿಡಿಸ್ತಿದ್ದಾರೆ. ಅತ್ತಿಗೆ, ಈಗ ಬೇಗ ಹೇಳ್ತೀನಿ ಕೇಳಿ. ‘ನಾನೇ ತಡೆದಿದ್ದು’ ಅಂತ ನೀವು ಒಂದು ಸನ್ನೆನೂ ಮಾಡ್ಬಾರದು. ನೀವು ನನ್ನ ಮಾತು ನಂಬಿದ್ರಿ, ಅಷ್ಟೇ ನೀವು ಮಾಡಿದ್ದು. ಅಣ್ಣ ನಿಮ್ಮನ್ನ ನಂಬಿ ಕೈ ತೆಗೆದ. ಎಲ್ಲರೂ ನಂಬಿದ್ದು ನನ್ನನ್ನೇ. ನಾನು... ನಾನು ಹೇಳ್ತೀನಿ. ಹೇಳ್ತೀನಿ ಅಂದೆ ಅಲ್ವಾ. ಈಗ ಕೈ ಬಿಡಿ. ಸಾಹೇಬ್ರು ನೋಡ್ತಾರೆ.

ಬಿಡಲ್ವಾ?

ನಾನು ಮಾತು ತಿರುಗಿಸ್ತೀನಿ ಅಂತಾನಾ? ತಿರುಗಿಸ್ಬಹುದು. ನನಗೂ ನನ್ನ ಮೇಲೆ ನಂಬಿಕೆ ಇಲ್ಲ. ಸರಿ. ಬಿಡ್ಬೇಡಿ. ಹೀಗೇ ಹಿಡ್ಕೊಂಡಿರಿ. ಗಟ್ಟಿಯಾಗಿ ಹಿಡ್ಕೊಳ್ಳಿ.

ಬನ್ನಿ ಸಾರ್. ಹೌದು ಸಾರ್, ಇವರೇ, ನಮ್ಮ ಅತ್ತಿಗೆ. ಇವರಿಗೆ ಮಾತು ಬರ್ತಿಲ್ಲ ಸಾರ್... ಇಲ್ಲ ಸಾರ್, ಗಾಡೀಲಿ ನಾನು ಇರ್ಲಿಲ್ಲ, ಆದ್ರೂ ನಾನೇ ಹೇಳ್ಬೇಕು. ಸ್ವಿಚ್ಚಾ? ಇಲ್ಲಿದೆ ಸಾರ್. ಹೌದು. ಬರ್ಕೊಳ್ಳಿ ಸಾರ್. ಈಗ ಆನ್‌ನಲ್ಲಿದೆ. ನಿನ್ನೆ ಮಧ್ಯಾಹ್ನ ಇರ್ಲಿಲ್ಲ.